ಅಕ್ಕ ಓದಿ ಹೇಳಿದ ಪರದೆ

ನಾನು ಹುಟ್ಟು ಕುರುಡಿ. ಹೀಗಂದರೆ ಕೆಲವರಿಗೆ ಇರುಸುಮುರುಸಾಗುತ್ತದೆ, ಇನ್ನೇನೋ ನಯವಾದ ಮಾತು ಹುಡುಕುತ್ತಾರೆ. ನನಗೆ ಈ ಮಾತೇ ಅಭ್ಯಾಸ. ಬಸವೇಶ್ವರನಗರದಲ್ಲಿ ಅಪ್ಪ ಕಟ್ಟಿಸಿದ ಮನೆಯಲ್ಲಿ ನಾನು, ಅಕ್ಕ ಇಬ್ಬರೇ ಇದ್ದೆವು. ಅಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ನಾನು ಕಾಲೇಜು ಸೇರುವ ಮೊದಲೇ ತೀರಿಕೊಂಡರು. ಅಮ್ಮ ಹೋಗಿಯೂ ಕೆಲವು ವರ್ಷವಾಗಿತ್ತು. ಅಕ್ಕ ವಿಜಯನಗರದ ಒಂದು ಶಾಲೆಯಲ್ಲಿ ಟೀಚರ್. ಮದುವೆಯಾಗಲಿಲ್ಲ. ತಂಗಿಗೋಸ್ಕರ ಹಾಗೇ ಉಳಿದುಬಿಟ್ಟಳು ಎಂದು ನೆಂಟರೆಲ್ಲ ನನ್ನ ಮುಂದೆಯೇ ಹೇಳುತ್ತಿದ್ದರು, ನನಗೆ ಕಿವಿಯೂ ಕೇಳಿಸುವುದಿಲ್ಲ ಎನ್ನುವ ಹಾಗೆ.

ನಾನು ಓದಿದ್ದೆಲ್ಲ ಅಕ್ಕನ ಬಾಯಿಂದ. ಬ್ರೈಲ್ ಪುಸ್ತಕ ಸಿಗುತ್ತಿದ್ದದ್ದು ಕೆಲವೇ ಕೆಲವು, ಉಳಿದ ಪಾಠಗಳನ್ನು ಅವಳು ಸಂಜೆ ಅಡುಗೆಮನೆ ಹೊಸ್ತಿಲಲ್ಲಿ ಕೂತು ಓದುತ್ತಿದ್ದಳು, ಒಳಗೆ ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿರುತ್ತಿದ್ದಳು. ಬಸ್ಸಿನ ಬೋರ್ಡು, ಸೀರೆಯ ಬಣ್ಣ, ಪರೀಕ್ಷೆಯ ನಂಬರು, ಮದುವೆ ಮನೆಯಲ್ಲಿ ಯಾರು ನನ್ನ ಕಡೆ ನೋಡಿ ನಕ್ಕರು, ಎಲ್ಲವನ್ನೂ ಅವಳೇ ಹೇಳಬೇಕು. ಅಮ್ಮ ತೀರಿಕೊಂಡ ಬೆಳಿಗ್ಗೆ ನಾನು ಅಕ್ಕನ ಕೈ ಹಿಡಿದು, ಅಮ್ಮನ ಮುಖ ಹೇಗಿದೆ ಎಂದು ಕೇಳಿದೆ. 'ನಿದ್ದೆ ಮಾಡ್ತಿರೋ ಹಂಗೇ ಇದೆ ಕಣೇ, ಸ್ವಲ್ಪವೂ ನೋವಿಲ್ಲ' ಅಂದಳು. ಆ ಮಾತನ್ನು ಹಿಡಿದುಕೊಂಡೇ ನಾನು ಆ ವರ್ಷ ಕಳೆದೆ.

ಕಂಪ್ಯೂಟರ್ ಬಂದದ್ದು ತಡವಾಗಿ. ಕಣ್ಣು ಕಾಣದವರಿಗೆ ಕಂಪ್ಯೂಟರ್ ಕಲಿಸುವ ತರಬೇತಿಗೆ ಸೇರಿದಾಗ ನನಗೆ ಆಗಲೇ ತಲೆಯಲ್ಲಿ ಬಿಳಿ ಕೂದಲು ಬಂದಿತ್ತಂತೆ. ಅದನ್ನು ಹೇಳಿದವಳೂ ಅಕ್ಕನೇ. ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದುವ ಸಾಫ್ಟ್‌ವೇರ್ ಇರುತ್ತದೆ, ಕೀ ಒತ್ತಿದ ಹಾಗೆ ಅದು ಮಾತಾಡುತ್ತಾ ಹೋಗುತ್ತದೆ. ಮೊದಲ ಸಲ ನನ್ನ ಹೆಸರಿಗೆ ಬಂದ ಈಮೇಲನ್ನು ನಾನೊಬ್ಬಳೇ ಕೂತು ಕೇಳಿಸಿಕೊಂಡಾಗ ಕುತ್ತಿಗೆಯ ಹಿಂದೆ ಬಿಸಿಯಾಗಿಬಿಟ್ಟಿತು. ಅಷ್ಟು ವರ್ಷ ನನಗೆ ಬಂದ ಯಾವ ಪತ್ರವನ್ನೂ ನನಗಿಂತ ಮೊದಲು ಇನ್ನೊಬ್ಬರು ಓದದೆ ಇದ್ದದ್ದಿಲ್ಲ.

ಲ್ಯಾಪ್‌ಟಾಪ್ ಕೊಡಿಸಿದ್ದು ಅಕ್ಕನೇ. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ.

ಧ್ವನಿಮುದ್ರಣ ಕೇಳಿ ಟೈಪ್ ಮಾಡುವ ಕೆಲಸ ನನಗೆ ಚೆನ್ನಾಗಿ ಒಗ್ಗಿತು. ಜ್ಞಾನಭಾರತಿಯ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ಒಬ್ಬರು ಮೇಡಂ ಇದ್ದರು. ಕೆಂಗೇರಿ, ನಾಗರಬಾವಿ ಕಡೆಯ ಹಳೆಯ ಹಳ್ಳಿಗಳ ಅಜ್ಜಿ ತಾತಂದಿರನ್ನು ಮಾತಾಡಿಸಿ, ಲೇಔಟ್ ಆಗುವ ಮೊದಲು ಅಲ್ಲಿ ಏನು ಬೆಳೆಯುತ್ತಿದ್ದರು, ಕೆರೆ ಎಲ್ಲಿತ್ತು ಎಂದೆಲ್ಲ ರೆಕಾರ್ಡ್ ಮಾಡಿಸುತ್ತಿದ್ದರು. ಅದನ್ನು ಅಕ್ಷರಕ್ಕೆ ಇಳಿಸುವುದು ನನ್ನ ಕೆಲಸ. ಹಲ್ಲಿಲ್ಲದ ಬಾಯಿಯ ಮಾತು ಬೇರೆಯವರಿಗೆ ಅರ್ಥವಾಗುತ್ತಿರಲಿಲ್ಲ, ನನಗೆ ಆಗುತ್ತಿತ್ತು. ಒಂದು ದಿನ ಮೇಡಂ ಫೋನ್ ಮಾಡಿ, 'ಇನ್ಮೇಲೆ ಮನೇಲಿ ಕೂತು ಮಾಡೋದು ಬೇಡ, ಇಲ್ಲೇ ಬಂದುಬಿಡಿ. ನಿಮಗೇ ಅಂತ ಒಂದು ಟೇಬಲ್ ಹಾಕಿಸ್ತೀನಿ. ಒಂದು ಪೂರ್ತಿ ಸಂದರ್ಶನ ಟೈಪ್ ಮಾಡಿ ಕಳಿಸಿ, ಕಮಿಟಿಗೆ ತೋರಿಸಬೇಕು' ಅಂದರು.

ಬಸವೇಶ್ವರನಗರದಿಂದ ಅಲ್ಲಿಗೆ ದಿನಾ ಬಸ್ಸು ಬದಲಾಯಿಸಿಕೊಂಡು ಹೋಗುವುದು ನನಗೆ ಕಷ್ಟ. ನಾಗರಬಾವಿಯಲ್ಲಿ ಕೆಳಮನೆಯ ಒಂದು ರೂಮು ಖಾಲಿಯಿದೆ, ಅಲ್ಲಿಂದ ಕ್ಯಾಂಪಸ್ ಗೇಟು ಹತ್ತಿರ ಎಂದು ಮೇಡಂ ಅವರೇ ತಿಳಿಸಿದರು. ಆ ಸಂಜೆ ಅಕ್ಕನಿಗೆ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ಕಾಳು ತಟ್ಟೆಗೆ ಬೀಳುವ ಸದ್ದು ಸ್ವಲ್ಪ ಹೊತ್ತು ನಿಂತಿತು.

'ಒಬ್ಬಳೇ ಇರ್ತೀಯಾ?'

'ಇರ್ತೀನಿ. ಶನಿವಾರ ಬರ್ತೀನಲ್ಲ.'

'ಗ್ಯಾಸ್ ಹಚ್ಚೋದು?'

'ಇಲ್ಲಿ ನಾನು ಹಚ್ಚಲ್ವಾ ಅಕ್ಕ?'

'ಸರಿ, ನಿನ್ನಿಷ್ಟ' ಅಂದಳು. ಮತ್ತೆ ಕಾಳು ಬೀಳತೊಡಗಿತು. ಅಷ್ಟು ಸುಲಭವಾಗಿ ಒಪ್ಪಿದಳಲ್ಲ ಎಂದು ನನಗೆ ಸಮಾಧಾನವಾಯಿತು.

ಆ ವಾರವೇ ಕಂಪ್ಯೂಟರ್ ಕೆಟ್ಟಿತು. ರೆಕಾರ್ಡಿಂಗನ್ನು ನಿಧಾನವಾಗಿ ಓಡಿಸಿ ಕೇಳಲು ಅನುಕೂಲವಾಗುತ್ತದೆಂದು ನಾನು ಹೊಸದೊಂದು ಪ್ರೋಗ್ರಾಮ್ ಹಾಕಿಕೊಂಡಿದ್ದೆ. ಮಾರನೆಯ ದಿನ ಬೆಳಿಗ್ಗೆ ಆನ್ ಮಾಡಿದರೆ ಮಾತಾಡಲಿಲ್ಲ. ಫ್ಯಾನು ತಿರುಗುವುದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತು, ತಾನೇ ಮತ್ತೆ ಶುರುವಾಗಿ, ಮತ್ತೆ ಮೌನ. ಕಂಪ್ಯೂಟರ್ ಪೂರ್ತಿ ಎದ್ದು ಕೂರದೆ ಓದುವ ಸಾಫ್ಟ್‌ವೇರ್ ಎದ್ದೇಳುವುದಿಲ್ಲ. ಮುಂದೆ ಕೂತಿದ್ದರೂ ಅದು ಏನು ಹೇಳುತ್ತಿದೆ ಎಂದು ನನಗೆ ತಿಳಿಯುವ ದಾರಿಯಿರಲಿಲ್ಲ. ಅಕ್ಕ ಸ್ಕೂಲಿಗೆ ಹೊರಡುತ್ತಿದ್ದಳು, ಕರೆದೆ.

ಬಂದು ನನ್ನ ಪಕ್ಕದಲ್ಲಿ ಬಗ್ಗಿದಳು. ಅವಳ ಸೀರೆಯ ಗಂಜಿಯ ವಾಸನೆ.

'ನೀಲಿ ಪರದೆ ಬಂದಿದೆ. ಇಂಗ್ಲಿಷಲ್ಲಿ ಏನೇನೋ ಇದೆ.'

'ಓದು.'

'ಸ್ಟಾರ್ಟ್ ಆಗ್ತಾ ಇಲ್ಲ, ರಿಪೇರಿ ಮಾಡೋಕೆ ಆಗಲಿಲ್ಲ ಅಂತ ಬರೆದಿದೆ.'

'ಕೆಳಗೆ ಏನಾದ್ರೂ ಆಯ್ಕೆ ಕೊಟ್ಟಿದೆಯಾ?'

ಮೌಸ್ ಕ್ಲಿಕ್ ಮಾಡಿದ್ದು ಕೇಳಿಸಿತು, ಸ್ವಲ್ಪ ತಡೆದು ಮತ್ತೊಂದು, ಮತ್ತೆ ಮತ್ತೊಂದು. ಮಧ್ಯೆ ಪಾಸ್‌ವರ್ಡ್ ಕೇಳುತ್ತಿದೆ ಅಂದಳು, ಹೇಳಿದೆ, ಹೊಡೆದಳು. ಆಮೇಲೆ ತುಂಬಾ ಹೊತ್ತು ಸುಮ್ಮನಿದ್ದಳು. ಓದುತ್ತಿದ್ದಾಳೆ ಎಂದು ನಾನೂ ಸುಮ್ಮನಿದ್ದೆ. ಇನ್ನೊಂದು ಕ್ಲಿಕ್ ಕೇಳಿಸಿತು.

'ಇಲ್ಲ ಕಣೇ' ಅಂದಳು. 'ಡಿಸ್ಕ್ ಹೋಗಿದೆಯಂತೆ. ಒಳಗಿದ್ದದ್ದೆಲ್ಲ ಅಳಿಸಿಹೋಗಿದೆ ಅಂತ ಬರ್ತಾ ಇದೆ. ಏನೂ ಮಾಡೋಕಾಗಲ್ಲ.'

ಒಳಗೆ ಆ ಸಂದರ್ಶನ ಇತ್ತು, ಮುಕ್ಕಾಲು ಪಾಲು ಟೈಪಾಗಿತ್ತು. ಅದರ ಜೊತೆ ನನ್ನದೇ ಎಷ್ಟೋ ಬರಹ. ನಾನು ಅತ್ತುಬಿಟ್ಟೆ. ಅಕ್ಕ ಸ್ಕೂಲಿಗೆ ತಡವಾದರೂ ನನ್ನ ತಲೆ ನೇವರಿಸುತ್ತಾ ಕೂತಿದ್ದಳು. 'ಹೋಗಲಿ ಬಿಡು, ನಾನಿಲ್ವಾ' ಅಂದಳು.

ಅಂಗಡಿಗಾದರೂ ತೋರಿಸೋಣ ಎಂದು ಬೇಡಿಕೊಂಡೆ. ಆ ಶನಿವಾರ ಮಧ್ಯಾಹ್ನ ಅವಳು ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ವಿಜಯನಗರದ ಒಂದು ರಿಪೇರಿ ಅಂಗಡಿಗೆ ಹೋಗುತ್ತೇನೆಂದು ಹೊರಟಳು. ನಾನೂ ಬರ್ತೀನಿ ಅಂದೆ. ಬಿಸಿಲು ಅಂತ ಬೇಡವೆಂದಳು. ಸಂಜೆ ಬಂದವಳು ಬ್ಯಾಗನ್ನು ಮೇಜಿನ ಮೇಲಿಟ್ಟು, 'ಆಗಲ್ಲ ಅಂದ್ರು' ಅಂದಳು. ನಾನು ಹೆಚ್ಚು ಕೇಳಲಿಲ್ಲ. ಮೇಡಂ ಅವರಿಗೆ ಫೋನ್ ಮಾಡಿ, ಎಲ್ಲ ಹೋಯಿತು, ನನಗಾಗಿ ಕಾಯಬೇಡಿ ಅಂದೆ. ಅವರು ಬೇಜಾರು ಮಾಡಿಕೊಂಡರು. ಕಮಿಟಿ ಮುಂದೆ ಇನ್ಯಾರನ್ನಾದರೂ ತೋರಿಸಲೇಬೇಕಾಗುತ್ತೆ ಎಂದರು.

ಆಮೇಲಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ, ಯಾಕೆಂದರೆ ಆ ದಿನಗಳು ಚೆನ್ನಾಗಿದ್ದವು. ಅಕ್ಕ ಬೇಗ ಮನೆಗೆ ಬರುತ್ತಿದ್ದಳು. ಸಂಜೆ ಕಾಫಿ ಮಾಡಿ ಪೇಪರ್ ಓದುತ್ತಿದ್ದಳು, ಲೈಬ್ರರಿಯಿಂದ ಕಾದಂಬರಿ ತಂದು ಓದುತ್ತಿದ್ದಳು, ಚಿಕ್ಕಂದಿನಂತೆ ಪಾತ್ರಕ್ಕೊಂದು ದನಿ ಮಾಡುತ್ತಿದ್ದಳು. ನನಗಿಷ್ಟವೆಂದು ಅಕ್ಕಿರೊಟ್ಟಿ ತಟ್ಟಿದಳು. ಕಂಪ್ಯೂಟರ್ ಬಂದ ಮೇಲೆ ನಮ್ಮ ನಡುವೆ ಮಾತು ಕಡಿಮೆಯಾಗಿತ್ತು ಎಂದು ನನಗೆ ಆಗಲೇ ಹೊಳೆದದ್ದು. ಕೆಟ್ಟಿದ್ದೂ ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತೇನೋ ಎಂದು ನಾನೇ ಅವಳಿಗೆ ಹೇಳಿದೆ. ಅವಳು ಪುಟ ತಿರುಗಿಸಿದಳು.

ತರಬೇತಿಯಲ್ಲಿ ನನ್ನ ಜೊತೆ ಒಬ್ಬ ಗೆಳತಿ ಇದ್ದಳು. ಬಾಗಲಕೋಟೆ ಕಡೆಯವಳು, ಅವಳಿಗೂ ಕಣ್ಣಿಲ್ಲ. ಈಗ ಸುಂಕದಕಟ್ಟೆಯಲ್ಲಿ ರೂಮು ಮಾಡಿಕೊಂಡು, ನಮ್ಮಂಥವರಿಗೆ ಕಂಪ್ಯೂಟರ್ ಹೇಳಿಕೊಡುತ್ತಾಳೆ. ಒಂದು ಬೆಳಿಗ್ಗೆ ಅಕ್ಕ ಸ್ಕೂಲಿಗೆ ಹೋದ ಮೇಲೆ ಅವಳ ಫೋನ್ ಬಂತು. ಮಾತಿನ ಮಧ್ಯೆ ಕಂಪ್ಯೂಟರ್ ಸತ್ತ ಕತೆ ಹೇಳಿದೆ.

'ನಿಲ್ಲವಾ' ಅಂದಳು. 'ಹೊಸಾ ಪ್ರೋಗ್ರಾಮ್ ಹಾಕಿದಿ, ಮರುದಿನ ಏಳಲಿಲ್ಲ. ಇದು ಡಿಸ್ಕ್ ಹೋಗಿದ್ದಲ್ಲ. ನಿಮ್ಮ ಅಕ್ಕಾರು ಏನ್ ಓದಿದ್ರು?'

'ಎಲ್ಲ ಅಳಿಸಿದೆ ಅಂತ ಬಂತಂತೆ.'

'ಹಂಗ ಬರೂದಿಲ್ಲ. ನಿನ್ನ ಫೋನಿನಾಗ ಅಕ್ಷರ ಓದೂದು ಐತಲ್ಲ, ಅದನ್ನ ಪರದಿ ಮುಂದ ಹಿಡಿ.'

ಫೋನಿನ ಕ್ಯಾಮೆರಾ ಹಿಡಿದರೆ ಎದುರಿನ ಬರಹವನ್ನು ಓದಿ ಹೇಳುವ ಆ್ಯಪ್ ನನ್ನ ಹತ್ತಿರ ಇತ್ತು. ಔಷಧದ ಡಬ್ಬಿಗೆ, ಉಪ್ಪು ಸಕ್ಕರೆ ಪ್ಯಾಕೆಟ್ಟಿಗೆ ಅದನ್ನು ಬಳಸುತ್ತಿದ್ದೆ. ಕಂಪ್ಯೂಟರ್ ಮುಂದೆ ಹಿಡಿಯಬೇಕು ಎಂದು ಅನ್ನಿಸಿರಲೇ ಇಲ್ಲ. ಪಕ್ಕದಲ್ಲಿ ಅಕ್ಕ ಇದ್ದಳಲ್ಲ, ಯಂತ್ರವನ್ನು ಯಾಕೆ ಕೇಳಲಿ?

ಲ್ಯಾಪ್‌ಟಾಪ್ ತೆಗೆದು ಚಾರ್ಜಿಗೆ ಹಾಕಿ ಆನ್ ಮಾಡಿದೆ. ಮನೆಯ ಲ್ಯಾಂಡ್‌ಲೈನಿಗೆ ಮತ್ತೆ ಫೋನ್ ಮಾಡಲು ಗೆಳತಿಗೆ ಹೇಳಿ, ಆ ರಿಸೀವರನ್ನು ಭುಜಕ್ಕೆ ಒತ್ತಿಕೊಂಡು, ಮೊಬೈಲನ್ನು ಪರದೆಗೆ ಹಿಡಿದೆ. ಮೊದಲೆರಡು ಸಲ ಏನೂ ಓದಲಿಲ್ಲ, ಸ್ವಲ್ಪ ಹಿಂದಕ್ಕೆ ಹಿಡಿದೆ. ಆಮೇಲೆ ಓದಿತು. ಕಂಪ್ಯೂಟರ್ ಸರಿಯಾಗಿ ಶುರುವಾಗಲಿಲ್ಲ, ಬೇರೆ ಆಯ್ಕೆಗಳನ್ನು ನೋಡಲು ಇಲ್ಲಿ ಒತ್ತಿ ಎಂದು. ಡಿಸ್ಕ್ ಹೋಯಿತೆಂದು ಎಲ್ಲೂ ಇರಲಿಲ್ಲ.

ಗೆಳತಿಗೆ ಆ ಪುಟಗಳೆಲ್ಲ ಬಾಯಿಪಾಠ. ಎಲ್ಲಿ ಟ್ಯಾಬ್ ಒತ್ತಬೇಕು, ಎಲ್ಲಿ ಎಂಟರ್ ಒತ್ತಬೇಕು ಎಂದು ಹೇಳುತ್ತಾ ಹೋದಳು. ಪ್ರತಿಸಲ ಒತ್ತಿದ ಮೇಲೂ ನಾನು ಮೊಬೈಲ್ ಹಿಡಿದು, ಎಲ್ಲಿಗೆ ಬಂದಿದ್ದೇನೆ ಎಂದು ಓದಿಸಿಕೊಳ್ಳುತ್ತಿದ್ದೆ. ಒಂದು ಸಲ ದಾರಿ ತಪ್ಪಿ ಕಂಪ್ಯೂಟರ್ ಆಫ್ ಆಯಿತು, ಮೊದಲಿಂದ ಶುರು ಮಾಡಿದೆವು. ಕೊನೆಗೆ ಸಿಸ್ಟಮ್ ರಿಸ್ಟೋರ್ ಎನ್ನುವ ಕಡೆ ತಲುಪಿದೆ. ಕಂಪ್ಯೂಟರ್ ಯಾವುದಾದರೂ ಹೊಸದನ್ನು ಹಾಕಿಕೊಳ್ಳುವ ಮೊದಲು ತನ್ನ ಆಗಿನ ಸೆಟ್ಟಿಂಗನ್ನು ಒಂದು ಕಡೆ ಉಳಿಸಿಟ್ಟುಕೊಂಡಿರುತ್ತದಂತೆ. ಸರಿಯಾಗಿ ನಡೆಯುತ್ತಿದ್ದ ಆ ದಿನದ ಸ್ಥಿತಿಗೆ ಅದನ್ನು ವಾಪಸ್ ಕರೆದುಕೊಂಡು ಹೋಗಬಹುದು. ಪಾಸ್‌ವರ್ಡ್ ಹೊಡೆದೆ. ಮೊಬೈಲ್ ಹಿಡಿದೆ.

ಅದು ಓದಿದ್ದನ್ನು ಎರಡನೆಯ ಸಲವೂ ಓದಿಸಿದೆ. ಹೀಗೆ ಮಾಡುವುದರಿಂದ ನಿಮ್ಮ ಬರಹ, ಚಿತ್ರ, ಸ್ವಂತದ ಯಾವ ಫೈಲಿಗೂ ತೊಂದರೆಯಾಗುವುದಿಲ್ಲ. ಇತ್ತೀಚೆಗೆ ಹಾಕಿದ ಪ್ರೋಗ್ರಾಮ್ ಮಾತ್ರ ಹೋಗಬಹುದು.

'ಯಾಕ ಸುಮ್ಮನಾದಿ?' ಅಂದಳು ಗೆಳತಿ.

ಅಕ್ಕ ಕ್ಲಿಕ್ ಮಾಡುತ್ತಾ ಹೋದದ್ದು, ಪಾಸ್‌ವರ್ಡ್ ಕೇಳಿದ್ದು, ಆಮೇಲೆ ತುಂಬಾ ಹೊತ್ತು ಸುಮ್ಮನಿದ್ದದ್ದು ನೆನಪಾಯಿತು. ಆ ದಾರಿಯಲ್ಲಿ ಪಾಸ್‌ವರ್ಡ್ ಕೇಳಿದ ಮೇಲೆ ಬರುವುದು ಈ ಪುಟವೇ. ಅವಳು ಇಲ್ಲಿಯವರೆಗೂ ಬಂದಿದ್ದಳು. ಈ ಸಾಲನ್ನು ಓದಿದ್ದಳು. ನಾನು ಅವಳ ಪಕ್ಕದಲ್ಲೇ, ಅವಳ ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದೆ.

'ಏನಿಲ್ಲ, ಮುಂದೆ ಹೇಳು' ಅಂದೆ.

ಪ್ರೋಗ್ರಾಮ್ ಹಾಕುವ ಮೊದಲಿನ ದಿನವನ್ನು ಆರಿಸಿ ಎಂಟರ್ ಒತ್ತಿದೆ. ಇದು ಮುಗಿಯುವವರೆಗೂ ಮುಟ್ಟಬೇಡ ಎಂದು ಹೇಳಿ ಗೆಳತಿ ಫೋನಿಟ್ಟಳು, ಅವಳಿಗೆ ಪಾಠಕ್ಕೆ ಹೊತ್ತಾಗಿತ್ತು. ನಾನು ಕುರ್ಚಿಯಲ್ಲೇ ಕೂತಿದ್ದೆ. ಬೀದಿಯಲ್ಲಿ ಸೊಪ್ಪಿನವಳು ಕೂಗಿ ಹೋದಳು. ಕಂಪ್ಯೂಟರ್ ಸರಿಹೋಗದೇ ಇರಲಿ ಎಂದು ಒಂದು ಕ್ಷಣ ಮನಸ್ಸು ಬಯಸಿತು. ಸರಿಹೋಗದಿದ್ದರೆ ಅಕ್ಕ ಹೇಳಿದ್ದು ನಿಜವಾಗುತ್ತಿತ್ತು.

ಅದು ಎದ್ದಿತು, ಮಾತಾಡಿತು. ಫೈಲುಗಳೆಲ್ಲ ಇಟ್ಟ ಜಾಗದಲ್ಲೇ ಇದ್ದವು. ಆ ಸಂದರ್ಶನ ತೆಗೆದು, ನಾನು ನಿಲ್ಲಿಸಿದ್ದ ಸಾಲಿಗೆ ಹೋದೆ. ರಾಗಿ ಹೊಲದ ಬಗ್ಗೆ ಮಾತಾಡುತ್ತಿದ್ದ ಅಜ್ಜಿಯ ಅರ್ಧ ವಾಕ್ಯ ಅಲ್ಲೇ ನಿಂತಿತ್ತು. ಖುಷಿಯಾಗಬೇಕಿತ್ತು, ಆಗಲಿಲ್ಲ. ಊಟ ಮಾಡಲಿಲ್ಲ. ಸಂಜೆಯವರೆಗೂ ಟೈಪ್ ಮಾಡಿದೆ, ಬೆರಳುಗಳು ತಾವಾಗಿ ಓಡುತ್ತಿದ್ದವು.

ಗೇಟಿನ ಚಿಲಕ ತೆಗೆದ ಸದ್ದಾಯಿತು. ಕಂಪ್ಯೂಟರ್ ಗಟ್ಟಿಯಾಗಿ ಓದುತ್ತಿತ್ತು, ನಾನು ಸದ್ದು ಕಮ್ಮಿ ಮಾಡಲಿಲ್ಲ. ಅಕ್ಕನ ಚಪ್ಪಲಿಯ ಸದ್ದು ಬಾಗಿಲ ಹತ್ತಿರ ಬಂದು ನಿಂತುಬಿಟ್ಟಿತು. ಚಪ್ಪಲಿ ಬಿಡಲಿಲ್ಲ ಅವಳು.

'ಸರಿಹೋಯ್ತಾ?' ಅಂದಳು.

'ಹೂಂ.'

'ಯಾರು ಮಾಡಿದ್ರು?'

'ನಾನೇ. ಮೊಬೈಲಲ್ಲಿ ಓದಿಸ್ಕೊಂಡು.'

ನಾನು ಕಂಪ್ಯೂಟರಿನ ಓದು ನಿಲ್ಲಿಸಿದೆ.

'ಆ ಪುಟಕ್ಕೆ ನೀನೂ ಬಂದಿದ್ದೆ ಅಲ್ವಾ ಅಕ್ಕ? ಫೈಲಿಗೆ ಏನೂ ಆಗಲ್ಲ ಅಂತ ಬರೆದಿತ್ತಲ್ಲ.'

'ಬಂದಿದ್ದೆ' ಅಂದಳು. ದನಿ ಸಣ್ಣದಾಗಿತ್ತು. 'ಓದಿದೆ. ಓದಿ ಕ್ಯಾನ್ಸಲ್ ಕೊಟ್ಟೆ.'

ಸುಳ್ಳು ಹೇಳುತ್ತಾಳೆ, ನನಗೆ ಗೊತ್ತಾಗಲಿಲ್ಲ ಅನ್ನುತ್ತಾಳೆ ಎಂದುಕೊಂಡಿದ್ದೆ. ಅಂದಿದ್ದರೆ ನಂಬಲೂ ತಯಾರಿದ್ದೆ. ಅವಳು ಅಷ್ಟು ನೇರವಾಗಿ ಒಪ್ಪಿಕೊಂಡಾಗ ನನಗೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ.

'ಅಂಗಡಿಯವರು?'

'ಅಂಗಡಿಗೆ ಹೋಗಲಿಲ್ಲ. ಪಾರ್ಕಲ್ಲಿ ಕೂತಿದ್ದು ವಾಪಸ್ ಬಂದೆ.'

ಆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಬಿಸಿಲು ಇಳಿಯುವವರೆಗೆ ಪಾರ್ಕಿನ ಬೆಂಚಿನಲ್ಲಿ ಕೂತ ಅಕ್ಕನನ್ನು ಆಮೇಲೆ ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ಅವಳ ಮೇಲೆ ಕರುಣೆ ಬರುತ್ತದೆ, ಅದರ ಹಿಂದೆಯೇ ಸಿಟ್ಟು ಬರುತ್ತದೆ. ಅಷ್ಟು ಹೊತ್ತು ಕೂತಿದ್ದಾಗಲೂ ಎದ್ದು ಬಂದು ನಿಜ ಹೇಳಬೇಕೆಂದು ಅವಳಿಗೆ ಅನ್ನಿಸಲಿಲ್ಲ.

'ಯಾಕೆ?'

'ನೀನು ಹೋಗ್ತಿದ್ದೆಯಲ್ಲ.' ಈಗ ಅವಳು ಒಳಗೆ ಬಂದು ಮಂಚದ ತುದಿಯಲ್ಲಿ ಕೂತಳು. 'ನೀನು ಕರೆದಾಗ ಹಂಗೆ ಮಾಡ್ಬೇಕು ಅಂತ ಇರಲಿಲ್ಲ ಕಣೇ. ಆ ಪುಟ ನೋಡಿದೆ. ಒಂದು ಸಲ ಇದು ಸರಿಹೋಗದೆ ಇದ್ರೆ ಅಂತ ಅನ್ನಿಸ್ತು. ಬಾಯಿಗೆ ಬಂದುಬಿಡ್ತು. ಆಮೇಲೆ ನೀನು ಅತ್ತೆ, ವಾಪಸ್ ತಗೊಳ್ಳೋಕೆ ಆಗಲಿಲ್ಲ.'

'ಆಮೇಲೆ ಎಷ್ಟು ದಿನ ಇತ್ತು ಅಕ್ಕ. ನೀನು ದಿನಾ ಕೂತು ಕಾದಂಬರಿ ಓದಿದೆ.'

'ಹೂಂ. ನೀನು ಖುಷಿಯಾಗಿದ್ದೆ.'

ಅದನ್ನು ಅಲ್ಲಗಳೆಯುವುದು ನನ್ನಿಂದಾಗಲಿಲ್ಲ. ಆಗ ನನಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ.

'ಇನ್ನೇನೇನು ಹೀಗೆ ಓದಿ ಹೇಳಿದೀಯ ನನಗೆ?'

ಮಂಚ ಕಿರ್ ಎಂದಿತು. 'ಇದೊಂದೇ' ಅಂದಳು. 'ಅಮ್ಮನಾಣೆ ಇದೊಂದೇ.'

ನಂಬಲಿಕ್ಕೂ ಆಗಲಿಲ್ಲ, ನಂಬದೆ ಇರಲಿಕ್ಕೂ ಆಗಲಿಲ್ಲ. ಅಮ್ಮನ ಮುಖದಲ್ಲಿ ನಿಜವಾಗಿ ನೋವಿರಲಿಲ್ಲವೇ ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಕೇಳಿದರೆ ಅವಳು ಇರಲಿಲ್ಲ ಎಂದೇ ಹೇಳುತ್ತಾಳೆ. ಅದನ್ನು ಹಿಡಿದು ಓದಿಸಲು ನನ್ನ ಹತ್ತಿರ ಯಾವ ಯಂತ್ರವಿದೆ? ಕೇಳಲಿಲ್ಲ. ಪರದೆಯ ಬಗ್ಗೆ ಹೇಳಿದ ಆ ಒಂದು ಸುಳ್ಳಿನಿಂದ ಹಿಂದಿನ ಅಷ್ಟೂ ವರ್ಷಗಳು ಅಲುಗಾಡಿಬಿಟ್ಟವು. ನನಗೆ ನೀಲಿ ಒಪ್ಪುತ್ತದೆ ಎಂದಿದ್ದು, ಒಬ್ಬ ಹುಡುಗನ ಕಡೆಯವರು ನೋಡಲು ಬಂದು ಹೋದ ಮೇಲೆ ಅವನ ಮುಖದಲ್ಲೇ ದುಡುಕು ಕಾಣುತ್ತಿತ್ತು ಬಿಡು ಎಂದಿದ್ದು, ಪಕ್ಕದ ಮನೆಯವರು ನನ್ನನ್ನು ನೋಡಿದರೆ ನಗುತ್ತಾರೆ ಎಂದಿದ್ದು. ನನ್ನ ಕಣ್ಣಿನೊಳಗೆ ಅವಳು ತುಂಬಿದ ಲೋಕ ಅದು, ಬೇರೆ ಲೋಕ ನನಗಿಲ್ಲ. ಅದರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಆ ದಿನ ಇಬ್ಬರೂ ಬೇರೆ ಬೇರೆ ಉಂಡೆವು.

ಮಾರನೆಯ ದಿನ ಮೇಡಂ ಅವರಿಗೆ ಫೋನ್ ಮಾಡಿ, ಫೈಲು ಸಿಕ್ಕಿದೆ ಎಂದು ಹೇಳಿದೆ. ಹೇಗೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಟೇಬಲ್ಲಿಗೆ ಅಷ್ಟು ಹೊತ್ತಿಗೆ ಬೇರೆ ಹುಡುಗಿಯನ್ನು ತೆಗೆದುಕೊಂಡಾಗಿತ್ತು. 'ಅವಳಿಗೆ ವಯಸ್ಸಾದವರ ಮಾತು ತಿಳಿಯಲ್ಲ, ಒದ್ದಾಡ್ತಾ ಇದ್ದಾಳೆ. ನೀವು ಬನ್ನಿ, ವಾರದಲ್ಲಿ ಕೆಲವು ದಿನ ಅಂತ ಮಾಡ್ಕೊಳ್ಳೋಣ' ಅಂದರು. ಸಿಕ್ಕಬೇಕಾದ ಕೆಲಸದಲ್ಲಿ ಅರ್ಧ ಸಿಕ್ಕಿತು. ರೂಮು ಇನ್ನೂ ಖಾಲಿಯಿತ್ತು. ಮನೆಯ ಓನರ್ ಅಲ್ಲಿನ ಹಳೇ ಹಳ್ಳಿಯವರು, ದೊಡ್ಡ ವಯಸ್ಸಿನ ಆಂಟಿ. 'ನೀನು ಬಾರಮ್ಮ, ನಾನಿದೀನಿ ಮೇಲ್ಗಡೆ' ಅಂದರು.

ಸಾಮಾನು ಸಾಗಿಸಿದ ದಿನ ಅಕ್ಕ ರಜೆ ಹಾಕಿದಳು. ಡಬ್ಬಿಗಳನ್ನು ನನ್ನ ಕೈಗೆ ಸಿಗುವ ಹಾಗೆ ಜೋಡಿಸಿದಳು, ಒಲೆಯ ಹಿಡಿಯ ಮೇಲೆ ನನ್ನ ಬೆರಳಿಟ್ಟು ತೋರಿಸಿದಳು. ನೆಂಟರು ಕೇಳಿದಾಗ, ಕ್ಯಾಂಪಸ್ ಹತ್ತಿರವಾಗುತ್ತದೆ ಅದಕ್ಕೆ ಎಂದಷ್ಟೇ ಹೇಳಿದೆ. ಪಾಪ, ಅಷ್ಟು ಮಾಡಿದ ಅಕ್ಕನನ್ನು ಬಿಟ್ಟು ಹೋದಳು ಎಂದು ಅವರು ಆಡಿಕೊಂಡದ್ದು ನನಗೂ ಅವಳಿಗೂ ಕೇಳಿಸಿದೆ. ಅವಳು ಅದನ್ನು ತಿದ್ದಲಿಲ್ಲ. ಅದು ಇನ್ನೂ ನನ್ನ ಮನಸ್ಸಿನಲ್ಲಿದೆ.

ಈಗ ಅವಳು ಕೆಲವು ಭಾನುವಾರ ಬರುತ್ತಾಳೆ. ಹೋದ ಸಲ ಬಂದಾಗ ಇಬ್ಬರೂ ತರಕಾರಿಗೆಂದು ಹೊರಟೆವು. ಗೇಟಿನ ಹತ್ತಿರ ಅವಳು ನಿಂತಳು. 'ಇಲ್ಲೇನೋ ಚೀಟಿ ಅಂಟಿಸಿದ್ದಾರೆ' ಎಂದು ಓದಲು ಬಾಯಿ ತೆರೆದಳು.

'ಇರು ಅಕ್ಕ, ನಾನೇ ನೋಡ್ಕೋತೀನಿ' ಅಂದೆ.

ಪರ್ಸಿನಿಂದ ಮೊಬೈಲ್ ತೆಗೆದೆ. ಕೈಬರಹ, ಮೇಲಾಗಿ ಬಿಸಿಲು. ಆ್ಯಪ್ಪಿಗೆ ಅರ್ಥವಾಗಲಿಲ್ಲ. ಮೇಲೆ ಕೆಳಗೆ ಮಾಡಿದೆ, ಹತ್ತಿರ ದೂರ ಹಿಡಿದೆ. ಅದು ಒಂದೊಂದು ತುಂಡು ಅಕ್ಷರ ಹೇಳಿ ನಿಲ್ಲುತ್ತಿತ್ತು. ಯಾರೋ ಹುಡುಗರು ಬೈಕಿನಲ್ಲಿ ಹಾದುಹೋದರು. ಅಕ್ಕ ಪಕ್ಕದಲ್ಲಿ ಚೀಲ ಹಿಡಿದುಕೊಂಡು ನಿಂತಿದ್ದಳು, ಅವಳಿಗೆ ಅದೇನೆಂದು ಗೊತ್ತಿತ್ತು, ಒಂದು ಮಾತೂ ಆಡಲಿಲ್ಲ. ಕೊನೆಗೆ ಆಂಟಿ ಬರೆದಿದ್ದನ್ನು ಅದು ಹೇಗೋ ಪೂರ್ತಿ ಓದಿತು: ಮೋಟರ್ ಕೆಟ್ಟಿದೆ, ಮಧ್ಯಾಹ್ನದಿಂದ ನೀರು ಬರುವುದಿಲ್ಲ.

'ಬಕೆಟ್ ತುಂಬಿಟ್ಟು ಹೋಗೋಣ' ಅಂದಳು ಅಕ್ಕ, ಮತ್ತೆ ಒಳಗೆ ಹೋಗಿ ನಲ್ಲಿ ಬಿಟ್ಟಳು.